ರಕ್ತದ ಕ್ಯಾನ್ಸರ್‌ಗಳ ಪ್ರಯೋಗಾಲಯ ಪರೀಕ್ಷೆಗಳು

ರಕ್ತದ ಕ್ಯಾನ್ಸರ್ ಒಂದೇ ರೋಗವಲ್ಲ. ಮೂಳೆಮಜ್ಜೆಯಲ್ಲೂ ದುಗ್ಧಗ್ರಂಥಿಗಳಲ್ಲೂ ಹುಟ್ಟುವ ಜೀವಕೋಶಗಳು ಹತೋಟಿ ತಪ್ಪಿ ಹೆಚ್ಚುವ ಹತ್ತಾರು ರೋಗಗಳ ಒಟ್ಟು ಹೆಸರು ಅದು. ಲೂಕೀಮಿಯಾ, ಲಿಂಫೋಮಾ, ಮೈಲೋಮಾ ಇದರ ಮೂರು ದೊಡ್ಡ ಗುಂಪುಗಳು. ಮಜ್ಜೆಯು ವಿಕಾರ ಕಣಗಳನ್ನು ತಯಾರಿಸುವ ಮೈಲೋಡಿಸ್‌ಪ್ಲಾಸಿಯಾ, ಕಣಗಳನ್ನು ಮಿತಿಮೀರಿ ತಯಾರಿಸುವ ಮೈಲೋಪ್ರೊಲಿಫರೇಟಿವ್ ರೋಗಗಳು, ಕ್ಯಾನ್ಸರ್‌ನ ಹೊಸ್ತಿಲಲ್ಲಿ ವರ್ಷಗಟ್ಟಲೆ ಸುಮ್ಮನಿರಬಲ್ಲ ಕೆಲವು ಸ್ಥಿತಿಗಳು ಕೂಡ ಇದೇ ತಜ್ಞರ ಮೇಜಿಗೆ ಬರುತ್ತವೆ. ಸ್ತನದ ಅಥವಾ ಶ್ವಾಸಕೋಶದ ಗಡ್ಡೆ ಕೈಗೆ ಸಿಗುತ್ತದೆ, ಇಲ್ಲವೇ ಸ್ಕ್ಯಾನಿನಲ್ಲಿ ಕಾಣುತ್ತದೆ. ಲೂಕೀಮಿಯಾದಲ್ಲಿ ಹಾಗೆ ತೋರಿಸಲು ಸಾಮಾನ್ಯವಾಗಿ ಗಡ್ಡೆಯೇ ಇರುವುದಿಲ್ಲ. ಜ್ವರ, ಸುಸ್ತು, ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ ಇವೆಲ್ಲ ನೂರು ಕಾಯಿಲೆಗಳಿಗೆ ಹೊಂದುವ ಲಕ್ಷಣಗಳು. ಆದ್ದರಿಂದ ಇಲ್ಲಿ ರೋಗನಿರ್ಣಯದ ಭಾರವೆಲ್ಲ ಪ್ರಯೋಗಾಲಯದ ಮೇಲೆ ಬೀಳುತ್ತದೆ.

ಪ್ರಯೋಗಾಲಯ ಉತ್ತರಿಸಬೇಕಾದ ಪ್ರಶ್ನೆಗಳು ನಾಲ್ಕು. ಇದು ಕ್ಯಾನ್ಸರ್ ಹೌದೇ ಅಲ್ಲವೇ, ಯಾವ ವಂಶದ ಕೋಶ ಕೆಟ್ಟಿದೆ, ಅದರ ವರ್ಣತಂತು ಅಥವಾ ಜೀನಿನಲ್ಲಿ ಆದ ದೋಷವೇನು, ಚಿಕಿತ್ಸೆಯ ನಂತರ ಎಷ್ಟು ಉಳಿದಿದೆ. ಒಂದೊಂದು ವಿಧಾನವೂ ಇವುಗಳಲ್ಲಿ ಒಂದೋ ಎರಡೋ ಪ್ರಶ್ನೆಗೆ ಮಾತ್ರ ಸರಿಯಾದ ಉತ್ತರ ಕೊಡಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಪ್ರಕಟಿಸುತ್ತಿರುವ ವರ್ಗೀಕರಣವು ಕೋಶದ ರೂಪ, ಅದರ ಮೇಲ್ಮೈ ಗುರುತು, ಜೀನ್ ದೋಷ, ರೋಗಿಯ ಲಕ್ಷಣ ನಾಲ್ಕನ್ನೂ ಕೂಡಿಸಿಯೇ ರೋಗಕ್ಕೆ ಹೆಸರಿಡುತ್ತದೆ. 2022ರಲ್ಲಿ ಈ ವರ್ಗೀಕರಣ ಪರಿಷ್ಕಾರಗೊಂಡಿತು. ಅದೇ ವರ್ಷ ಇನ್ನೊಂದು ತಜ್ಞರ ಗುಂಪು ತನ್ನದೇ ಬೇರೆ ವರ್ಗೀಕರಣವನ್ನೂ ಹೊರತಂದದ್ದರಿಂದ, ಒಂದೇ ರೋಗಿಯ ವರದಿಯಲ್ಲಿ ಎರಡು ಹೆಸರು ಕಾಣುವ ತೊಡಕು ಈಗ ಎದುರಾಗಿದೆ.

ರಕ್ತದ ಎಣಿಕೆ ಮತ್ತು ಲೇಪ

1845ರಲ್ಲಿ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ ಮತ್ತು ಬರ್ಲಿನ್ನಿನ ರುಡಾಲ್ಫ್ ವಿರ್ಕೋ ಸತ್ತ ರೋಗಿಗಳ ರಕ್ತದಲ್ಲಿ ಅಸಹಜವಾಗಿ ಹೆಚ್ಚಿದ ಬಿಳಿಕಣಗಳನ್ನು ಬೇರೆ ಬೇರೆಯಾಗಿ ವರ್ಣಿಸಿದರು. ಲೂಕೀಮಿಯಾ ಎಂಬ ಹೆಸರು ವಿರ್ಕೋ ಕೊಟ್ಟದ್ದು. ಆಗ ಕಣಗಳಿಗೆ ಬಣ್ಣ ಕಟ್ಟುವ ವಿದ್ಯೆ ಇರಲಿಲ್ಲ. ಒಂದು ಬಿಳಿಕಣವನ್ನು ಇನ್ನೊಂದರಿಂದ ಬಿಡಿಸಿ ನೋಡುವುದು 1870ರ ದಶಕದ ಕೊನೆಗೆ ಪಾಲ್ ಎರ್ಲಿಕ್ ಅನಿಲೀನ್ ಬಣ್ಣಗಳನ್ನು ಬಳಸಿದ ಮೇಲೆಯೇ ಸಾಧ್ಯವಾಯಿತು. ಇಂದಿಗೂ ಭಾರತದ ಬಹುಪಾಲು ಪ್ರಯೋಗಾಲಯಗಳು ರಕ್ತಲೇಪಕ್ಕೆ ಬಳಸುವ ಲೀಷ್ಮನ್ ಬಣ್ಣ, ಭಾರತದಲ್ಲಿ ಸೇವೆ ಸಲ್ಲಿಸಿದ್ದ ಬ್ರಿಟಿಷ್ ಸೇನಾ ವೈದ್ಯ ವಿಲಿಯಂ ಲೀಷ್ಮನ್ 1901ರಲ್ಲಿ ರೂಪಿಸಿದ್ದು.

ಮೊದಲ ಪರೀಕ್ಷೆ ಸಿಬಿಸಿ, ಅಂದರೆ ಸಂಪೂರ್ಣ ರಕ್ತಕಣ ಎಣಿಕೆ. ವಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ತತ್ತ್ವವೇ ಇದರ ಯಂತ್ರಗಳ ಮೂಲ: ಸಣ್ಣ ರಂಧ್ರವೊಂದರ ಮೂಲಕ ಕಣ ಹಾಯುವಾಗ ವಿದ್ಯುತ್ ಹರಿವಿಗೆ ಆಗುವ ತಡೆಯನ್ನು ಅಳೆದು ಕಣದ ಸಂಖ್ಯೆ ಮತ್ತು ಗಾತ್ರ ತಿಳಿಯುವುದು. ವಯಸ್ಕರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಬಿಳಿಕಣ, ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ದೀರ್ಘಕಾಲಿಕ ಮೈಲಾಯ್ಡ್ ಲೂಕೀಮಿಯಾದಲ್ಲಿ ಬಿಳಿಕಣಗಳು ಲಕ್ಷ ದಾಟುವುದು ಅಪರೂಪವಲ್ಲ. ಆದರೆ ಬಿಳಿಕಣ ಹೆಚ್ಚಿದರಷ್ಟೇ ಲೂಕೀಮಿಯಾ ಎಂಬ ಜನಜನಿತ ತಿಳಿವಳಿಕೆ ತಪ್ಪು. ತೀವ್ರ ಲೂಕೀಮಿಯಾದ ಎಷ್ಟೋ ರೋಗಿಗಳಲ್ಲಿ ಬಿಳಿಕಣ, ಕೆಂಪುಕಣ, ಪ್ಲೇಟ್‌ಲೆಟ್ ಮೂರೂ ಕುಸಿದಿರುತ್ತವೆ.

ಯಂತ್ರ ಎಣಿಸುತ್ತದೆ, ಅನುಮಾನ ಬಂದರೆ ಎಚ್ಚರಿಕೆಯ ಗುರುತು ಹಾಕುತ್ತದೆ. ಕೋಶವನ್ನು ಗುರುತಿಸುವುದು ಸೂಕ್ಷ್ಮದರ್ಶಕದ ಹಿಂದೆ ಕುಳಿತ ಕಣ್ಣು. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತವನ್ನು ತೆಳುವಾಗಿ ಎಳೆದು, ಒಣಗಿಸಿ, ಬಣ್ಣ ಹಾಕಿದ ಲೇಪದಲ್ಲಿ ಕಾಣುವ ಸಂಗತಿಗಳು ಹಲವು. ಬಲಿಯದ ಮೂಲಕೋಶಗಳಾದ ಬ್ಲಾಸ್ಟ್‌ಗಳು ಆರೋಗ್ಯವಂತರ ರಕ್ತದಲ್ಲಿ ಇರಬಾರದು. ಬ್ಲಾಸ್ಟಿನೊಳಗೆ ಕೆಂಪು ಕಡ್ಡಿಯಂಥ ಔವರ್ ರಾಡ್ ಸಿಕ್ಕರೆ ಕೋಶವು ಮೈಲಾಯ್ಡ್ ವಂಶದ್ದೆಂದು ಬೇರೆ ಪರೀಕ್ಷೆಗೆ ಕಾಯದೆ ಹೇಳಬಹುದು. ದೀರ್ಘಕಾಲಿಕ ಲಿಂಫೋಸೈಟಿಕ್ ಲೂಕೀಮಿಯಾದಲ್ಲಿ ಲೇಪ ಎಳೆಯುವಾಗಲೇ ಒಡೆದು ಹರಡಿದ ಕೋಶಗಳ ಕಲೆ ಕಾಣುತ್ತದೆ. ಮಜ್ಜೆ ನಾರುಗಟ್ಟಿದಾಗ ಕಣ್ಣೀರ ಹನಿಯಾಕಾರದ ಕೆಂಪುಕಣಗಳು, ಮೈಲೋಮಾದಲ್ಲಿ ಒಂದರ ಮೇಲೊಂದು ಜೋಡಿಸಿದ ನಾಣ್ಯಗಳಂತೆ ಅಂಟಿಕೊಂಡ ಕೆಂಪುಕಣಗಳು ಸುಳಿವು ಕೊಡುತ್ತವೆ. ಕೆಲವೇ ನಿಮಿಷಗಳಲ್ಲಿ, ಕೆಲವೇ ರೂಪಾಯಿಗಳಲ್ಲಿ ಇಷ್ಟು ಹೇಳಬಲ್ಲ ಬೇರೊಂದು ಪರೀಕ್ಷೆ ರಕ್ತಶಾಸ್ತ್ರದಲ್ಲಿ ಇಲ್ಲ. ಲೇಪವನ್ನು ಸರಿಯಾಗಿ ನೋಡದೆ ದುಬಾರಿ ಜೀನ್ ಪರೀಕ್ಷೆಗೆ ಬರೆದುಕೊಡುವ ಇತ್ತೀಚಿನ ರೂಢಿ ದುಡ್ಡನ್ನೂ ದಿನಗಳನ್ನೂ ಕಳೆಯುತ್ತದೆ.

ಕ್ಯಾನ್ಸರನ್ನು ಅನುಕರಿಸುವ ಕಾಯಿಲೆಗಳು ನಮ್ಮಲ್ಲಿ ಧಾರಾಳವಾಗಿವೆ. ವಿಟಮಿನ್ ಬಿ12 ಕೊರತೆಯಲ್ಲಿ ಮೂರೂ ಬಗೆಯ ಕಣಗಳು ಇಳಿದು, ಮಜ್ಜೆಯ ಕೋಶಗಳು ಎಷ್ಟು ವಿಕಾರವಾಗಿ ಕಾಣುತ್ತವೆಂದರೆ ಮೈಲೋಡಿಸ್‌ಪ್ಲಾಸಿಯಾ ಎಂದು, ಒಮ್ಮೊಮ್ಮೆ ತೀವ್ರ ಲೂಕೀಮಿಯಾ ಎಂದೇ ಭ್ರಮೆಯಾಗುತ್ತದೆ. ಬಿ12 ಮತ್ತು ಫೋಲೇಟ್ ಮಟ್ಟ ನೋಡದೆ ಮೈಲೋಡಿಸ್‌ಪ್ಲಾಸಿಯಾ ಎಂದು ಷರಾ ಬರೆಯಬಾರದೆಂಬುದು ಹಳೆಯ, ಒಳ್ಳೆಯ ನಿಯಮ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದು ವಿಚಿತ್ರ ಲಿಂಫೋಸೈಟ್‌ಗಳು ಕಾಣಿಸಿಕೊಳ್ಳುತ್ತವೆ. ತೀವ್ರ ಸೋಂಕಿನಲ್ಲಿ ಬಿಳಿಕಣ ಐವತ್ತು ಸಾವಿರ ಮುಟ್ಟಿ ಲೂಕೀಮಿಯಾದ ವೇಷ ತೊಡಬಹುದು.

ಮೂಳೆಮಜ್ಜೆ

ರಕ್ತ ಹುಟ್ಟುವುದು ಮೂಳೆಮಜ್ಜೆಯಲ್ಲಿ ಎಂದು ಅರ್ನ್‌ಸ್ಟ್ ನಾಯ್ಮನ್ 1868ರಲ್ಲೇ ಹೇಳಿದ್ದರೂ, ಬದುಕಿರುವ ರೋಗಿಯ ಮಜ್ಜೆಯನ್ನು ಸುಲಭವಾಗಿ ತೆಗೆಯುವ ದಾರಿ ತೆರೆದದ್ದು 1920ರ ದಶಕದ ಕೊನೆಯಲ್ಲಿ. ರಷ್ಯದ ಮಿಖಾಯಿಲ್ ಅರಿಂಕಿನ್ ಎದೆಮೂಳೆಗೆ ಸೂಜಿ ಹಾಕಿ ಮಜ್ಜೆ ಹೀರುವ ಕ್ರಮ ತೋರಿಸಿದರು. ಈಗ ಸಾಮಾನ್ಯವಾಗಿ ಸೊಂಟದ ಮೂಳೆಯ ಹಿಂಭಾಗದಿಂದ ತೆಗೆಯುತ್ತಾರೆ. ಬೆನ್ನುಹುರಿಗೆ ಸೂಜಿ ಚುಚ್ಚುತ್ತಾರೆ, ಕಾಲು ಬಿದ್ದುಹೋಗುತ್ತದೆ ಎಂಬ ಭಯದಿಂದ ಪರೀಕ್ಷೆಯನ್ನೇ ಬೇಡವೆನ್ನುವವರು ಇದ್ದಾರೆ. ಬೆನ್ನುಹುರಿ ಇರುವುದು ಬೇರೆ ಜಾಗದಲ್ಲಿ. ಜಾಗ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟೇ ಸೂಜಿ ಹಾಕುತ್ತಾರೆ. ಆದರೂ ಮಜ್ಜೆ ಎಳೆಯುವ ಕ್ಷಣದ ನೋವನ್ನು ಅದು ಪೂರಾ ತಡೆಯುವುದಿಲ್ಲ ಎಂಬುದನ್ನು ರೋಗಿಗೆ ಮೊದಲೇ ಹೇಳುವುದು ಒಳ್ಳೆಯದು.

ಇದರಲ್ಲಿ ಎರಡು ಭಾಗಗಳಿವೆ. ಹೀರಿ ತೆಗೆದ ದ್ರವಮಜ್ಜೆಯ ಲೇಪದಲ್ಲಿ ಕೋಶಗಳ ವಿವರ ಸ್ಪಷ್ಟವಾಗಿ ಕಾಣುತ್ತದೆ, ಅದೇ ದಿನ ಉತ್ತರ ಸಿಗುತ್ತದೆ. ಟ್ರೆಫೈನ್ ಎಂಬ ಮೂಳೆಯ ಸಣ್ಣ ತುಂಡಿನಲ್ಲಿ ಮಜ್ಜೆಯ ಒಟ್ಟು ರಚನೆ ಕಾಣುತ್ತದೆ. ಆದರೆ ಅದರ ಸುಣ್ಣದ ಅಂಶ ಕರಗಿಸಿ, ಮೇಣದಲ್ಲಿ ಅದ್ದಿ, ಸೀಳಿ ನೋಡಲು ಕೆಲವು ದಿನ ಬೇಕು. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಮಜ್ಜೆ ಬರಿದಾಗಿ ಕೊಬ್ಬು ತುಂಬಿರುವುದು, ಮೈಲೋಫೈಬ್ರೋಸಿಸ್‌ನಲ್ಲಿ ನಾರು ಹೆಣೆದುಕೊಂಡಿರುವುದು ಖಚಿತವಾಗಿ ತಿಳಿಯುವುದು ಈ ತುಂಡಿನಲ್ಲೇ. ನಾರುಗಟ್ಟಿದ ಮಜ್ಜೆಗೆ ಸೂಜಿ ಹಾಕಿದರೆ ಏನೂ ಬರುವುದಿಲ್ಲ. ಇದನ್ನು ವೈದ್ಯರು ಡ್ರೈ ಟ್ಯಾಪ್ ಎನ್ನುತ್ತಾರೆ. ಅದು ಸ್ವತಃ ಒಂದು ಸುಳಿವು.

ಲೇಪದಲ್ಲಿ 500 ಕೋಶಗಳನ್ನು ಎಣಿಸಿ ಬ್ಲಾಸ್ಟ್‌ಗಳ ಪ್ರಮಾಣ ಕಂಡುಹಿಡಿಯುವುದು ಪದ್ಧತಿ. ಸಾಮಾನ್ಯ ಮಜ್ಜೆಯಲ್ಲಿ ಅದು ಶೇ 5ಕ್ಕಿಂತ ಕಡಿಮೆ. ಶೇ 20 ಮುಟ್ಟಿದರೆ ತೀವ್ರ ಮೈಲಾಯ್ಡ್ ಲೂಕೀಮಿಯಾ. ನಿರ್ದಿಷ್ಟ ಜೀನ್ ದೋಷಗಳು ಸಿಕ್ಕಾಗ ಅದಕ್ಕಿಂತ ಕಡಿಮೆ ಇದ್ದರೂ ಅದೇ ಹೆಸರು. ಮೊದಲು ವಂಶ ತಿಳಿಯಲು ಮೈಲೋಪೆರಾಕ್ಸಿಡೇಸ್, ಸುಡಾನ್ ಬ್ಲ್ಯಾಕ್ ಮುಂತಾದ ರಾಸಾಯನಿಕ ಬಣ್ಣಗಳೇ ಗತಿಯಾಗಿದ್ದವು. 1976ರ ಫ್ರೆಂಚ್-ಅಮೆರಿಕನ್-ಬ್ರಿಟಿಷ್ ವರ್ಗೀಕರಣ ನಿಂತದ್ದು ಇವುಗಳ ಮೇಲೆ. ಸಣ್ಣ ಊರುಗಳ ಪ್ರಯೋಗಾಲಯಗಳಿಗೆ ಮೈಲೋಪೆರಾಕ್ಸಿಡೇಸ್ ಈಗಲೂ ಉಪಯುಕ್ತ.

ಫ್ಲೋ ಸೈಟೋಮೆಟ್ರಿ

ಪ್ರತಿ ಬಿಳಿಕಣದ ಮೇಲ್ಮೈಯಲ್ಲೂ ಅದರ ವಂಶ ಮತ್ತು ವಯಸ್ಸನ್ನು ತೋರಿಸುವ ಪ್ರೋಟೀನುಗಳಿರುತ್ತವೆ. ಸಿಡಿ ಎಂಬ ಅಕ್ಷರಗಳ ಮುಂದೆ ಸಂಖ್ಯೆ ಹಾಕಿ ಅವುಗಳನ್ನು ಹೆಸರಿಸುತ್ತಾರೆ. ಒಂದೊಂದನ್ನೇ ಹುಡುಕಿ ಅಂಟಿಕೊಳ್ಳುವ ಏಕಮೂಲ ಪ್ರತಿಕಾಯಗಳನ್ನು ತಯಾರಿಸುವ ವಿಧಾನವನ್ನು ಜಾರ್ಜಸ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಈ ಪ್ರತಿಕಾಯಗಳಿಗೆ ಹೊಳೆಯುವ ಬಣ್ಣ ಕಟ್ಟಿ ರಕ್ತ ಅಥವಾ ಮಜ್ಜೆಯೊಂದಿಗೆ ಬೆರೆಸಿ, ಕೋಶಗಳನ್ನು ಒಂದೊಂದಾಗಿ ಲೇಸರ್ ಕಿರಣದ ಎದುರು ಹಾಯಿಸಿದರೆ ಸಾವಿರಾರು ಕೋಶಗಳ ಚಹರೆ ನಿಮಿಷಗಳಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಚುಕ್ಕೆಗಳಾಗಿ ಮೂಡುತ್ತದೆ. ಸಿಡಿ19 ಮತ್ತು ಸಿಡಿ10 ಇದ್ದರೆ ಬಿ ಲಿಂಫಾಯ್ಡ್ ಕಡೆಗೆ, ಸಿಡಿ3 ಇದ್ದರೆ ಟಿ ಕಡೆಗೆ, ಸಿಡಿ13, ಸಿಡಿ33 ಇದ್ದರೆ ಮೈಲಾಯ್ಡ್ ಕಡೆಗೆ ತಜ್ಞರ ಗಮನ ಹೋಗುತ್ತದೆ. ಯಾವುದೇ ಒಂದು ಗುರುತನ್ನು ನಂಬದೆ ಇಡೀ ವಿನ್ಯಾಸವನ್ನು ಓದಬೇಕು.

ಬಿ ಕೋಶಗಳ ವಿಷಯದಲ್ಲಿ ಇನ್ನೊಂದು ಉಪಾಯವಿದೆ. ಸೋಂಕಿನಿಂದ ಹೆಚ್ಚಿದ ಬಿ ಕೋಶಗಳಲ್ಲಿ ಕೆಲವು ಪ್ರತಿಕಾಯದ ಕಾಪ್ಪಾ ಸರಪಳಿ, ಕೆಲವು ಲಾಂಬ್ಡಾ ಸರಪಳಿ ಹೊತ್ತು ಮಿಶ್ರವಾಗಿರುತ್ತವೆ. ಕ್ಯಾನ್ಸರ್ ಕೋಶಗಳು ಒಂದೇ ತಾಯಿಕೋಶದ ಸಂತಾನವಾದ್ದರಿಂದ ಎಲ್ಲವೂ ಒಂದೇ ಬಗೆಯದನ್ನು ಹೊತ್ತಿರುತ್ತವೆ. ದೀರ್ಘಕಾಲಿಕ ಲಿಂಫೋಸೈಟಿಕ್ ಲೂಕೀಮಿಯಾವನ್ನು ಹೀಗೆ ರಕ್ತದ ಫ್ಲೋ ಪರೀಕ್ಷೆಯಿಂದಲೇ ನಿರ್ಣಯಿಸಬಹುದು: ಮೈಕ್ರೋಲೀಟರಿಗೆ 5,000ಕ್ಕೆ ಕಡಿಮೆಯಿಲ್ಲದ ಏಕಮೂಲದ ಬಿ ಕೋಶಗಳು ಮೂರು ತಿಂಗಳು ಇರಬೇಕು, ಅವು ಸಿಡಿ5 ಮತ್ತು ಸಿಡಿ23 ತೋರಿಸಬೇಕು. ಈ ರೋಗದ ನಿರ್ಣಯಕ್ಕೆ ಮಜ್ಜೆ ಪರೀಕ್ಷೆ ಬೇಕಿಲ್ಲ.

ಫ್ಲೋಗೆ ಜೀವಂತ ಕೋಶಗಳು ಬೇಕು. ಮಾದರಿ ಒಂದೆರಡು ದಿನ ಕಳೆದು ಬಂದರೆ, ಬಿಸಿಲಿನಲ್ಲಿ ಕೊರಿಯರ್ ಚೀಲದಲ್ಲಿ ಕುಳಿತಿದ್ದರೆ, ಯಂತ್ರ ಎಷ್ಟೇ ಒಳ್ಳೆಯದಾದರೂ ಓದುವುದು ಸತ್ತ ಕೋಶಗಳನ್ನು.

ವರ್ಣತಂತು ಮತ್ತು ಜೀನ್

ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಅಮೆರಿಕದ ಫಿಲಡೆಲ್ಫಿಯಾದಲ್ಲಿ 1960ರಲ್ಲಿ ದೀರ್ಘಕಾಲಿಕ ಮೈಲಾಯ್ಡ್ ಲೂಕೀಮಿಯಾ ರೋಗಿಗಳ ಕೋಶಗಳಲ್ಲಿ ಅಸಹಜವಾಗಿ ಚಿಕ್ಕದಾದ ವರ್ಣತಂತುವೊಂದನ್ನು ಕಂಡರು. ಒಂದು ಕ್ಯಾನ್ಸರಿಗೂ ಒಂದು ನಿಶ್ಚಿತ ವರ್ಣತಂತು ದೋಷಕ್ಕೂ ನಂಟು ಸಿಕ್ಕಿದ್ದು ಅದೇ ಮೊದಲು. ಅದು ಬರಿಯ ತುಂಡಾದ ವರ್ಣತಂತುವಲ್ಲ, 9 ಮತ್ತು 22ನೆಯ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಂಡ ಫಲ ಎಂದು 1973ರಲ್ಲಿ ತೋರಿಸಿದವರು ಷಿಕಾಗೋದ ಜಾನೆಟ್ ರೌಲಿ. ಈ ಅದಲುಬದಲಿನಲ್ಲಿ ಬಿಸಿಆರ್ ಮತ್ತು ಎಬಿಎಲ್ ಎಂಬ ಎರಡು ಜೀನ್‌ಗಳು ಬೆಸೆದುಕೊಂಡು, ಕೋಶಕ್ಕೆ ಸದಾ ಬೆಳೆ ಎಂದು ಹೇಳುತ್ತಲೇ ಇರುವ ಪ್ರೋಟೀನನ್ನು ತಯಾರಿಸುತ್ತವೆ. ಆ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಪ್ರಯೋಗಾಲಯದ ಒಂದು ಗಮನಿಕೆ ನಲವತ್ತು ವರ್ಷಗಳಲ್ಲಿ ಮಾತ್ರೆಯಾಗಿ ರೋಗಿಯ ಕೈಗೆ ಬಂದ ಇಂಥ ನೇರ ಕಥೆ ವೈದ್ಯಕೀಯದಲ್ಲಿ ಹೆಚ್ಚಿಲ್ಲ.

ವರ್ಣತಂತುಗಳನ್ನು ನೋಡುವ ಹಳೆಯ ದಾರಿ ಕ್ಯಾರಿಯೋಟೈಪಿಂಗ್. ಹೆಪಾರಿನ್ ನಳಿಕೆಯಲ್ಲಿ ಬಂದ ಮಜ್ಜೆಯನ್ನು ಬೆಳೆಸಿ, ವಿಭಜನೆಯ ನಡುವೆ ಕೋಶಗಳನ್ನು ತಡೆದು ನಿಲ್ಲಿಸಿ, ಪಟ್ಟೆ ಮೂಡುವಂತೆ ಬಣ್ಣ ಹಾಕಿ, ಸಾಮಾನ್ಯವಾಗಿ 20 ಕೋಶಗಳ ತಲಾ 46 ವರ್ಣತಂತುಗಳನ್ನು ಜೋಡಿಸಿ ನೋಡುತ್ತಾರೆ. ವಾರವೋ ಹೆಚ್ಚೋ ಹಿಡಿಯುತ್ತದೆ. ಇದರ ಗುಣವೆಂದರೆ ಏನು ಹುಡುಕಬೇಕೆಂದು ಮೊದಲೇ ಗೊತ್ತಿರಬೇಕಾಗಿಲ್ಲ. ಫಿಶ್ ಎಂದು ಕರೆಯುವ ಇನ್ನೊಂದು ವಿಧಾನದಲ್ಲಿ ಹೊಳೆಯುವ ಡಿಎನ್ಎ ತುಣುಕುಗಳು ಗುರಿಯ ಜೀನಿಗೆ ಅಂಟಿಕೊಳ್ಳುತ್ತವೆ. ಕೋಶ ವಿಭಜಿಸುತ್ತಿರಬೇಕಾಗಿಲ್ಲ, ಉತ್ತರ ಬೇಗ ಬರುತ್ತದೆ, ಆದರೆ ಕೇಳಿದ ಪ್ರಶ್ನೆಗೆ ಮಾತ್ರ ಬರುತ್ತದೆ.

ಗುರಿಯ ಜೀನ್ ತುಣುಕನ್ನು ಅನೇಕ ಪಟ್ಟು ನಕಲು ಮಾಡಿ ಪತ್ತೆಹಚ್ಚುವ ಪಿಸಿಆರ್ ಇನ್ನೂ ಸೂಕ್ಷ್ಮ. ಇಮ್ಯಾಟಿನಿಬ್ ನುಂಗುವವರು ಮೂರು ತಿಂಗಳಿಗೊಮ್ಮೆ ಮಾಡಿಸುವ ಬಿಸಿಆರ್-ಎಬಿಎಲ್ ಪರೀಕ್ಷೆ ಇದೇ. ಫಲಿತಾಂಶವನ್ನು ಅಂತರರಾಷ್ಟ್ರೀಯ ಅಳತೆಯಲ್ಲಿ ಶೇಕಡಾವಾರು ಕೊಡುತ್ತಾರೆ. ಮೂರನೆಯ ತಿಂಗಳಿಗೆ ಶೇ 10ಕ್ಕೆ, ಆರನೆಯ ತಿಂಗಳಿಗೆ ಶೇ 1ಕ್ಕೆ, ವರ್ಷಕ್ಕೆ ಶೇ 0.1ಕ್ಕೆ ಇಳಿದರೆ ಮದ್ದು ಕೆಲಸ ಮಾಡುತ್ತಿದೆ ಎಂದು ಅರ್ಥ. ಇಳಿದದ್ದು ಮತ್ತೆ ಏರಿದರೆ ಮೊದಲು ಕೇಳಬೇಕಾದ ಪ್ರಶ್ನೆ ಮಾತ್ರೆ ತಪ್ಪಿಸಿದಿರಾ ಎಂಬುದು. ಇಲ್ಲವೆಂದಾದರೆ ಎಬಿಎಲ್ ಭಾಗದಲ್ಲಿ ಹೊಸ ರೂಪಾಂತರ ಹುಡುಕುತ್ತಾರೆ. ಭಾರತದಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಚಿಕ್ಕ ವಯಸ್ಸಿನವರಲ್ಲಿ, ದುಡಿಯುವ ಪ್ರಾಯದಲ್ಲೇ ಕಾಣಿಸಿಕೊಳ್ಳುವುದರಿಂದ ದಶಕಗಳ ಕಾಲ ಇದೇ ಪರೀಕ್ಷೆ ಮಾಡಿಸುತ್ತಿರಬೇಕಾದವರು ಬಹಳ. ಪ್ರತಿಸಲವೂ ಅಂತರರಾಷ್ಟ್ರೀಯ ಅಳತೆ ಅನುಸರಿಸುವ ಒಂದೇ ಪ್ರಯೋಗಾಲಯಕ್ಕೆ ಹೋಗುವುದು ಒಳ್ಳೆಯದು. ಬೇರೆ ಬೇರೆ ಕಡೆಯ ಅಂಕಿಗಳನ್ನು ಹೋಲಿಸಿದರೆ ಇಲ್ಲದ ಏರಿಳಿತ ಕಂಡೀತು.

2005ರಲ್ಲಿ ಗುರುತಿಸಿದ ಜಾಕ್2 ಜೀನಿನ ವಿ617ಎಫ್ ರೂಪಾಂತರ ಮೈಲೋಪ್ರೊಲಿಫರೇಟಿವ್ ರೋಗಗಳ ಪತ್ತೆಯನ್ನು ಬದಲಿಸಿತು. ಕೆಂಪುಕಣ ಮಿತಿಮೀರುವ ಪಾಲಿಸೈಥೀಮಿಯಾ ವೆರಾ ರೋಗಿಗಳಲ್ಲಿ ಸುಮಾರು ಶೇ 95 ಮಂದಿಗೆ ಅದು ಇರುತ್ತದೆ. ತೀವ್ರ ಮೈಲಾಯ್ಡ್ ಲೂಕೀಮಿಯಾದಲ್ಲಿ ಎನ್‌ಪಿಎಂ1, ಎಫ್‌ಎಲ್‌ಟಿ3, ಟಿಪಿ53 ಮುಂತಾದ ಜೀನ್‌ಗಳ ಸ್ಥಿತಿ ನೋಡಿ ಕೀಮೋ ಸಾಕೇ, ಮಜ್ಜೆ ಕಸಿ ಬೇಕೇ ಎಂದು ತೀರ್ಮಾನಿಸುತ್ತಾರೆ. ಹತ್ತಾರು ಜೀನ್‌ಗಳನ್ನು ಒಮ್ಮೆಗೇ ಓದುವ ಎನ್‌ಜಿಎಸ್ ಇದಕ್ಕೆ ಹೇಳಿಮಾಡಿಸಿದ್ದು. ಆದರೆ ವಯಸ್ಸಾದ, ಯಾವ ರೋಗವೂ ಇಲ್ಲದವರ ರಕ್ತದಲ್ಲೂ ಇಂಥ ಕೆಲವು ರೂಪಾಂತರಗಳು ಸಿಗುತ್ತವೆ. ಜೀನ್ ವರದಿಯೊಂದನ್ನೇ ಹಿಡಿದು ಕ್ಯಾನ್ಸರ್ ಎನ್ನಲಾಗದು.

ಎಲ್ಲ ಪರೀಕ್ಷೆಗಳೂ ಮುಗಿಯಲಿ ಎಂದು ಕಾಯಬಾರದ ರೋಗ ಒಂದಿದೆ, ತೀವ್ರ ಪ್ರೊಮೈಲೋಸೈಟಿಕ್ ಲೂಕೀಮಿಯಾ. 15 ಮತ್ತು 17ನೆಯ ವರ್ಣತಂತುಗಳ ಅದಲುಬದಲಿನಿಂದ ಬರುವ ಇದರಲ್ಲಿ ಹೆಪ್ಪುಗಟ್ಟುವ ವ್ಯವಸ್ಥೆಯೇ ಕುಸಿದು, ಮೊದಲ ದಿನಗಳಲ್ಲೇ ಮಿದುಳಿನ ರಕ್ತಸ್ರಾವದಿಂದ ಸಾವು ಬರಬಹುದು. ಮೊದಲ ಕೆಲವು ವಾರ ದಾಟಿದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಲೇಪದಲ್ಲಿ ಹರಳುಗಳು ತುಂಬಿದ ಕೋಶಗಳು, ಒಂದೇ ಕೋಶದಲ್ಲಿ ಗುಂಪಾದ ಔವರ್ ರಾಡ್‌ಗಳು ಕಂಡು, ಫೈಬ್ರಿನೋಜನ್ ಇಳಿದಿದ್ದರೆ, ಜೀನ್ ವರದಿಗೆ ಕಾಯದೆ ವಿಟಮಿನ್ ಎ ಮೂಲದ ಆಟ್ರಾ ಔಷಧಿಯನ್ನು ಅಂದೇ ಶುರುಮಾಡಬೇಕು. ರಾತ್ರಿ ಪಾಳಿಯಲ್ಲಿ ಲೇಪ ನೋಡಿದ ತಂತ್ರಜ್ಞ ಎಚ್ಚರವಾಗಿದ್ದು ವೈದ್ಯರಿಗೆ ಫೋನ್ ಮಾಡಿದರೆ ಜೀವ ಉಳಿಯುತ್ತದೆ.

ಲಿಂಫೋಮಾ

ಇಲ್ಲಿ ಮುಖ್ಯ ಮಾದರಿ ಊದಿದ ದುಗ್ಧಗ್ರಂಥಿ. ಕತ್ತಿನ ಗಂಟು ಎಂದೊಡನೆ ನಮ್ಮಲ್ಲಿ ಕ್ಷಯ ನೆನಪಾಗುತ್ತದೆ. ಅದು ತಪ್ಪೂ ಅಲ್ಲ. ತಪ್ಪಾಗುವುದು ಪುರಾವೆಯಿಲ್ಲದೆ ಕ್ಷಯದ ಮಾತ್ರೆ ಶುರುಮಾಡಿ ತಿಂಗಳುಗಟ್ಟಲೆ ಕಾಯುವಾಗ. ಸಣ್ಣ ಸೂಜಿಯಿಂದ ಹೀರಿ ನೋಡುವ ಎಫ್‌ಎನ್‌ಎಸಿ ಸುಳಿವು ಕೊಡುತ್ತದೆ, ಲಿಂಫೋಮಾದ ಬಗೆ ಹೇಳಲಾರದು. ಸಾಧ್ಯವಿದ್ದಾಗ ಗ್ರಂಥಿಯನ್ನು ಇಡಿಯಾಗಿ ತೆಗೆದು ಕಳಿಸಬೇಕು. ಬಹುಭಾಗವನ್ನು ಫಾರ್ಮಲಿನ್‌ನಲ್ಲಿ, ಕ್ಷಯದ ಕಲ್ಚರಿಗೆ ಒಂದು ಚೂರನ್ನು ಫಾರ್ಮಲಿನ್ ಇಲ್ಲದೆ ಸಲೈನ್‌ನಲ್ಲಿ ಕಳಿಸಬೇಕು. ಫಾರ್ಮಲಿನ್ ಸೋಂಕಿದ ಮೇಲೆ ರೋಗಾಣು ಬೆಳೆಯುವುದಿಲ್ಲ. ಈ ಸಣ್ಣ ಸಂಗತಿ ಮರೆತು ಎರಡನೆಯ ಬಾರಿ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವ ಪಾಡು ರೋಗಿಗೆ ಬರಬಾರದು.

1832ರಲ್ಲಿ ಥಾಮಸ್ ಹಾಡ್ಜ್‌ಕಿನ್ ವರ್ಣಿಸಿದ ರೋಗದ ಗುರುತು ರೀಡ್-ಸ್ಟರ್ನ್‌ಬರ್ಗ್ ಎಂಬ ದೊಡ್ಡ, ಎರಡು ನ್ಯೂಕ್ಲಿಯಸ್‌ಗಳ ಕೋಶ. ಅದರ ಮೇಲೆ ಸಿಡಿ30, ಸಾಮಾನ್ಯವಾಗಿ ಸಿಡಿ15 ಇರುತ್ತವೆ. ಇಂಥ ಗುರುತುಗಳನ್ನು ಅಂಗಾಂಶದ ಸೀಳಿನ ಮೇಲೆಯೇ ಕಂದು ಬಣ್ಣದಲ್ಲಿ ತೋರಿಸುವ ವಿಧಾನ ಇಮ್ಯುನೋಹಿಸ್ಟೋಕೆಮಿಸ್ಟ್ರಿ. ಸಿಡಿ20 ಇದ್ದರೆ ರಿಟುಕ್ಸಿಮ್ಯಾಬ್ ಕೊಡಬಹುದು. ಸೈಕ್ಲಿನ್ ಡಿ1 ಇದ್ದರೆ ಮ್ಯಾಂಟಲ್ ಸೆಲ್ ಲಿಂಫೋಮಾದ ಕಡೆ ಯೋಚಿಸಬೇಕು. ವಿಭಜಿಸುತ್ತಿರುವ ಕೋಶಗಳನ್ನು ತೋರಿಸುವ ಕೆಐ-67 ಶೇ 100ರ ಹತ್ತಿರವಿದ್ದರೆ ಬರ್ಕಿಟ್ ಲಿಂಫೋಮಾ ಇರಬಹುದು, ಅದರಲ್ಲಿ ತಡಮಾಡುವಂತಿಲ್ಲ. ಮಾದರಿ ತೆಗೆಯುವ ಮೊದಲೇ ಸ್ಟೀರಾಯ್ಡ್ ಕೊಟ್ಟರೆ ಲಿಂಫಾಯ್ಡ್ ಕ್ಯಾನ್ಸರ್ ಕೋಶಗಳು ಕರಗಿ, ಪರೀಕ್ಷೆಗೆ ಏನೂ ಸಿಗದೆ ಹೋಗಬಹುದು. ಗಂಟು ಇಳಿಯಿತೆಂದು ರೋಗಿ ಹಿಗ್ಗುತ್ತಾನೆ, ರೋಗ ಒಳಗೇ ಇರುತ್ತದೆ.

ಮೈಲೋಮಾ

ಬೆನ್ನುನೋವು, ರಕ್ತಹೀನತೆ, ಕಿಡ್ನಿ ತೊಂದರೆ ಮೂರಕ್ಕೂ ಬೇರೆ ಬೇರೆ ವೈದ್ಯರ ಬಳಿ ತಿರುಗುವ ವಯಸ್ಸಾದವರಲ್ಲಿ ಈ ರೋಗ ತಡವಾಗಿ ಸಿಗುತ್ತದೆ. ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಸುಳಿವುಗಳಿರುತ್ತವೆ: ನೂರು ದಾಟಿದ ಇಎಸ್‌ಆರ್, ಅಲ್ಬುಮಿನ್‌ಗಿಂತ ಹೆಚ್ಚಿದ ಗ್ಲೋಬುಲಿನ್, ಏರಿದ ಕ್ಯಾಲ್ಸಿಯಂ. ಪ್ಲಾಸ್ಮಾ ಕೋಶಗಳ ಒಂದೇ ಸಂತಾನ ಒಂದೇ ಬಗೆಯ ಪ್ರತಿಕಾಯವನ್ನು ರಾಶಿರಾಶಿಯಾಗಿ ತಯಾರಿಸುವುದು ರೋಗದ ತಿರುಳು. ಸೀರಂ ಎಲೆಕ್ಟ್ರೋಫೋರೆಸಿಸ್‌ನಲ್ಲಿ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಿದಾಗ ಅದು ಚೂಪಾದ ಎಂ ಶಿಖರವಾಗಿ ಏಳುತ್ತದೆ. ಇಮ್ಯುನೋಫಿಕ್ಸೇಷನ್ ಅದರ ಬಗೆ ತಿಳಿಸುತ್ತದೆ. ಕೆಲವರಲ್ಲಿ ಇಡೀ ಪ್ರತಿಕಾಯದ ಬದಲು ಅದರ ಲಘು ಸರಪಳಿ ಮಾತ್ರ ಬರುತ್ತದೆ. ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್ 1840ರ ದಶಕದಲ್ಲಿ ಮೂತ್ರದಲ್ಲಿ ಕಂಡದ್ದು ಇದನ್ನೇ. ಬಿಸಿಮಾಡಿದರೆ ಗರಣೆಗಟ್ಟುವ, ಕುದಿಸಿದರೆ ಮತ್ತೆ ಕರಗುವ ವಿಚಿತ್ರ ಪ್ರೋಟೀನು ಅದು. ಅಲ್ಬುಮಿನ್ ಹುಡುಕುವ ಮೂತ್ರದ ಪಟ್ಟಿಗೆ ಇದು ಸಿಗುವುದಿಲ್ಲ. ರಕ್ತದ ಫ್ರೀ ಲೈಟ್ ಚೈನ್ ಪರೀಕ್ಷೆಯಲ್ಲಿ ಕಾಪ್ಪಾ-ಲಾಂಬ್ಡಾ ಅನುಪಾತ ಸಾಮಾನ್ಯವಾಗಿ 0.26ರಿಂದ 1.65ರ ನಡುವೆ ಇರುತ್ತದೆ. ಕಿಡ್ನಿ ಕೆಟ್ಟವರಲ್ಲಿ ಸ್ವಲ್ಪ ಹೆಚ್ಚು.

ಮಜ್ಜೆಯಲ್ಲಿ ಏಕಮೂಲದ ಪ್ಲಾಸ್ಮಾ ಕೋಶಗಳು ಶೇ 10 ಅಥವಾ ಹೆಚ್ಚಿದ್ದು, ಕ್ಯಾಲ್ಸಿಯಂ, ಕಿಡ್ನಿ, ಹಿಮೋಗ್ಲೋಬಿನ್, ಮೂಳೆ ಇವುಗಳಲ್ಲೊಂದು ಹಾಳಾಗಿದ್ದರೆ ಮೈಲೋಮಾ. ಎಂ ಪ್ರೋಟೀನು ಡೆಸಿಲೀಟರಿಗೆ 3 ಗ್ರಾಂಗಿಂತ ಕಡಿಮೆ, ಪ್ಲಾಸ್ಮಾ ಕೋಶ ಶೇ 10ಕ್ಕಿಂತ ಕಡಿಮೆ, ಅಂಗಗಳಿಗೆ ಹಾನಿಯಿಲ್ಲ ಎಂದಾದರೆ ಅದನ್ನು ಎಂಜಿಯುಎಸ್ ಎನ್ನುತ್ತಾರೆ. ಅದಕ್ಕೆ ಚಿಕಿತ್ಸೆ ಬೇಡ, ಆಗಾಗ ಪರೀಕ್ಷೆ ಸಾಕು.

ಉಳಿದ ರೋಗದ ಅಳತೆ

ಕೀಮೋ ಮುಗಿದು ಲೇಪ ಶುದ್ಧವಾಗಿ ಕಂಡರೂ ಕೋಟಿಗಟ್ಟಲೆ ಕ್ಯಾನ್ಸರ್ ಕೋಶಗಳು ಉಳಿದಿರಬಹುದು. ಎಂಆರ್‌ಡಿ ಎಂಬ ಪರೀಕ್ಷೆ ಫ್ಲೋ ಬಳಸಿ ಹತ್ತು ಸಾವಿರ ಕೋಶಗಳಲ್ಲಿ ಒಂದನ್ನು, ಒಳ್ಳೆಯ ಕೈಗಳಲ್ಲಿ ಲಕ್ಷಕ್ಕೊಂದನ್ನು ಹಿಡಿಯುತ್ತದೆ. ಮಕ್ಕಳ ತೀವ್ರ ಲಿಂಫೋಬ್ಲಾಸ್ಟಿಕ್ ಲೂಕೀಮಿಯಾದಲ್ಲಿ ಮುಂದಿನ ಚಿಕಿತ್ಸೆ ಬಿರುಸಾಗಿರಬೇಕೇ ಎಂಬುದನ್ನು ಮೊದಲ ಸುತ್ತಿನ ಕೊನೆಯ ಈ ಅಂಕಿಯೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಇದಕ್ಕೆ ತೆಗೆಯುವ ಮಜ್ಜೆಯ ಮೊದಲ ಎಳೆತವೇ ಬೇಕು. ಆಮೇಲಿನ ಎಳೆತಗಳಲ್ಲಿ ರಕ್ತ ಬೆರೆತು ಅಂಕಿ ಸುಳ್ಳಾಗಿ ಇಳಿಯುತ್ತದೆ.

ಮುಂಬೈಯ ಟಾಟಾ ಸ್ಮಾರಕ, ವೆಲ್ಲೂರಿನ ಸಿಎಂಸಿ, ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕೇಂದ್ರಗಳಲ್ಲಿ ಈ ಪರೀಕ್ಷೆಗಳ ಬಹುಪಾಲು ಒಂದೇ ಸೂರಿನಡಿ ನಡೆಯುತ್ತವೆ. ಜಿಲ್ಲೆಗಳಲ್ಲಿ ಎಣಿಕೆ, ಲೇಪ, ಕೆಲವೆಡೆ ಮಜ್ಜೆ ಪರೀಕ್ಷೆ ಆಗುತ್ತವೆ, ಉಳಿದವು ನಗರಕ್ಕೆ ಹೋಗುತ್ತವೆ. ಬೇರೆ ಆಸ್ಪತ್ರೆಗೆ ಹೊರಡುವವರು ವರದಿಯ ಕಾಗದಗಳ ಜೊತೆಗೆ ಸ್ಲೈಡುಗಳನ್ನೂ ಅಂಗಾಂಶವಿರುವ ಮೇಣದ ಬ್ಲಾಕನ್ನೂ ಕೇಳಿ ಒಯ್ಯಬೇಕು. ಮತ್ತೆ ಸೂಜಿ ಚುಚ್ಚಿಸಿಕೊಳ್ಳದೆ ಎರಡನೆಯ ಅಭಿಪ್ರಾಯ ಪಡೆಯಲು ಎಷ್ಟೋ ಸಲ ಅವೇ ಸಾಕಾಗುತ್ತವೆ.